ಅನ್ನದ ಲೆಕ್ಕ ಬೇರೆ, ರಕ್ತದ ಲೆಕ್ಕ ಬೇರೆ

ಧರ್ಮದ ವಿಷಯ ಬಂದ ದಿನ ನಮ್ಮ ಸ್ಟುಡಿಯೋದ ಚರ್ಚೆ ಎಲ್ಲಿಂದ ಶುರುವಾದರೂ ಬಂದು ನಿಲ್ಲೋದು ಒಂದೇ ಕಡೆ. ಈ ಕಡೆಯವರು, ‘ನಿಮ್ಮವರು ದೇವರ ಹೆಸರಲ್ಲಿ ಎಷ್ಟು ಜನರನ್ನ ಕೊಂದ್ರು, ಅದನ್ನ ಹೇಳಿ’ ಅಂತಾರೆ. ಆ ಕಡೆಯವರು, ‘ನಮ್ಮವರು ಎಷ್ಟು ಜನರಿಗೆ ಅನ್ನ ಹಾಕಿದ್ರು, ಎಷ್ಟು ಮಕ್ಕಳನ್ನ ಓದಿಸಿದ್ರು, ಅದನ್ನ ಮೊದಲು ಹೇಳಿ’ ಅಂತಾರೆ. ಮುಂದಿನ ವಾರ ಧರ್ಮ ಬದಲಾಗುತ್ತೆ, ಕುರ್ಚಿಗಳು ಬದಲಾಗುತ್ತವೆ, ಮಾತು ಮಾತ್ರ ಅದೇ. ಒಬ್ಬರು ಕತ್ತಿ ತೋರಿಸ್ತಾರೆ, ಇನ್ನೊಬ್ಬರು ಸೌಟು ತೋರಿಸ್ತಾರೆ. ಅಷ್ಟರಲ್ಲಿ ಬ್ರೇಕ್ ಬರುತ್ತೆ.

ಬ್ರೇಕ್ ಆದಮೇಲೂ ಉತ್ತರ ಸಿಗದ ಆ ಪ್ರಶ್ನೆಯನ್ನ ಇವತ್ತು ನೇರವಾಗಿ ಕೇಳೋಣ. ಮಠವೋ, ದರ್ಗಾವೋ, ದೇವಸ್ಥಾನವೋ, ಚರ್ಚೋ, ಯಾವುದೇ ಇರಲಿ. ಅದು ತಲೆಮಾರುಗಟ್ಟಲೆ ಮಾಡಿದ ದಾನ, ಅದರ ಹೆಸರಲ್ಲಿ ಹರಿದ ರಕ್ತಕ್ಕಿಂತ ತೂಕವಾ? ದಾನವನ್ನ ಒಂದು ತಟ್ಟೆಯಲ್ಲಿ, ಧರ್ಮಯುದ್ಧವನ್ನ ಇನ್ನೊಂದು ತಟ್ಟೆಯಲ್ಲಿ ಇಟ್ಟರೆ ತಕ್ಕಡಿ ಯಾವ ಕಡೆ ವಾಲುತ್ತೆ?

ಉತ್ತರ ಹುಡುಕೋಕೆ ದೂರ ಹೋಗಬೇಕಿಲ್ಲ. ವಿಜಯಪುರ ಜಿಲ್ಲೆಯ ನಾಲ್ಕು ತಾಲ್ಲೂಕುಗಳಿಂದ ಶುರು ಮಾಡಬಹುದು: ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ. ಭೀಮೆಯಿಂದ ಕೃಷ್ಣೆಯವರೆಗೆ ಹರಡಿರುವ ಈ ಬಿಳಿಜೋಳದ ಸೀಮೆಯನ್ನ ನಮ್ಮ ಚಾನೆಲ್‌ಗಳು ನೆನಪಿಸಿಕೊಳ್ಳೋದು ಮೂರು ಸಂದರ್ಭದಲ್ಲಿ. ಬರ ಬಂದಾಗ, ಹೊಳೆ ಬಂದಾಗ, ಚುನಾವಣೆ ಬಂದಾಗ. ಆದರೆ ದಾನ ಮತ್ತು ಯುದ್ಧ ಒಂದೇ ನೆಲದಲ್ಲಿ ಹೇಗೆ ಬೆಳೆದವು ಅಂತ ತಿಳಿಯೋಕೆ ಇಷ್ಟು ಒಳ್ಳೆಯ ಜಾಗ ಕರ್ನಾಟಕದಲ್ಲಿ ಹೆಚ್ಚಿಲ್ಲ.

ಮೊದಲು ಇಂಡಿ. ಈ ತಾಲ್ಲೂಕಿನ ಸಾಲೋಟಗಿಯಲ್ಲಿ ಸಿಕ್ಕ ಒಂದು ಕಲ್ಲಿನ ಕಂಬದ ಮೇಲೆ ಸಂಸ್ಕೃತ ಶಾಸನವಿದೆ. ಕಾಲ ಕ್ರಿ.ಶ. 945. ಆಳುತ್ತಿದ್ದವನು ರಾಷ್ಟ್ರಕೂಟ ದೊರೆ ಮೂರನೇ ಕೃಷ್ಣ. ಅವನ ಮಂತ್ರಿ ನಾರಾಯಣ ಇಲ್ಲಿ ತ್ರಯೀಪುರುಷರಿಗೆ, ಅಂದರೆ ಬ್ರಹ್ಮ, ವಿಷ್ಣು, ಶಿವ ಮೂವರಿಗೂ ಸೇರಿ, ಒಂದು ಗುಡಿ ಕಟ್ಟಿಸಿದ. ಗುಡಿಯ ಜೊತೆಗೆ ಒಂದು ಶಾಲೆ. ಬೇರೆ ಬೇರೆ ನಾಡುಗಳಿಂದ ವಿದ್ಯಾರ್ಥಿಗಳು ಬಂದು ಇಲ್ಲಿ ಉಳಿದು ಓದುತ್ತಿದ್ದರು. ಅವರು ಇರೋದಕ್ಕೆ 27 ಮನೆಗಳು. ದೀಪದ ಖರ್ಚಿಗೆ ಅಂತಲೇ 12 ನಿವರ್ತನ ಭೂಮಿ. ಪಾಠ ಹೇಳುವ ಗುರುಗಳಿಗೆ 50 ನಿವರ್ತನ ಭೂಮಿ, ಒಂದು ಮನೆ. ಊರಿನ ಬ್ರಾಹ್ಮಣರು ಮದುವೆ ಮಾಡಿದರೆ 5 ನಾಣ್ಯ, ಉಪನಯನ ಮಾಡಿದರೆ ಎರಡೂವರೆ, ಚೌಲ ಮಾಡಿದರೆ ಒಂದೂವರೆ ನಾಣ್ಯ ಶಾಲೆಗೆ ಕೊಡಬೇಕು. ಯಾರ ಮನೆಯಲ್ಲಿ ಊಟ ಹಾಕಿಸಿದರೂ ಆದಷ್ಟು ವಿದ್ಯಾರ್ಥಿಗಳನ್ನ ಕರೆದು ಉಣಿಸಬೇಕು.

ಇಂಜಿನಿಯರಿಂಗ್ ಓದಿದ ನನಗೆ ಹಾಸ್ಟೆಲ್ ಅಂದ್ರೆ ಏನು, ಮೆಸ್ ಬಿಲ್ ಅಂದ್ರೆ ಏನು ಅಂತ ಚೆನ್ನಾಗಿ ಗೊತ್ತು. ಸಾವಿರ ವರ್ಷದ ಹಿಂದೆ ದೀಪದ ಎಣ್ಣೆಗೂ ಶಾಶ್ವತ ಆದಾಯ ಗುರುತು ಮಾಡಿದವರನ್ನ ಮೆಚ್ಚದೆ ಇರೋಕೆ ಆಗಲ್ಲ. ವಾರ್ಷಿಕ ಬಜೆಟ್ ಮೇಲೆ ನಿಂತ ಯೋಜನೆ ಅಲ್ಲ ಅದು. ಮದುವೆ, ಮುಂಜಿ ನಡೆಯುವವರೆಗೂ ನಿಲ್ಲದ ವ್ಯವಸ್ಥೆ.

ಈಗ ಅದೇ ದೊರೆಯ ಇನ್ನೊಂದು ಪುಟ. ಸಾಲೋಟಗಿ ಶಾಸನವಾಗಿ ನಾಲ್ಕು ವರ್ಷಕ್ಕೆ, 949ರಲ್ಲಿ, ತಕ್ಕೋಲಂ ಯುದ್ಧ. ಚೋಳ ಯುವರಾಜ ರಾಜಾದಿತ್ಯ ಅಲ್ಲಿ ಸತ್ತ. ಕೊಂದವನು ಕೃಷ್ಣನ ಪರವಾಗಿ ಹೋರಾಡಿದ ಗಂಗರ ಬೂತುಗ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ, ಅದೇ, ಹಂದಿಯ ಜೊತೆ ಕಾದಾಡಿ ಸತ್ತ ಕಾಳಿ ಅನ್ನೋ ನಾಯಿಯ ಕಲ್ಲು ಅಂತ ನೀವು ಕೇಳಿರುತ್ತೀರಿ, ಅದರಲ್ಲಿ ಈ ಯುದ್ಧದ ವಿವರವಿದೆ. ಹತ್ತು ವರ್ಷ ಮುಂದೆ ಬನ್ನಿ, 959. ಕೃಷ್ಣ ತಮಿಳುನಾಡಿನ ಮೇಲ್ಪಾಡಿಯಲ್ಲಿ ದಂಡು ಬಿಟ್ಟಿದ್ದಾನೆ. ಗೆದ್ದ ನೆಲವನ್ನ ತನ್ನವರಿಗೆ ಹಂಚುತ್ತಿದ್ದಾನೆ, ದೇವಾಲಯಗಳನ್ನ ಕಟ್ಟಿಸುತ್ತಿದ್ದಾನೆ. ಅದೇ ಬೀಡಿನಿಂದ ಒಂದು ಹಳ್ಳಿಯನ್ನ ಗಗನಶಿವ ಅನ್ನೋ ಶೈವ ಗುರುವಿಗೆ ದಾನ ಕೊಡುತ್ತಾನೆ. ಏಕೆ? ತಪಸ್ವಿಗಳ ಊಟ ಉಪಚಾರಕ್ಕೆ. ಈಗಿನ ಮಹಾರಾಷ್ಟ್ರದ ಕರಾಡದಲ್ಲಿ ಸಿಕ್ಕ ತಾಮ್ರಪಟದಲ್ಲಿ ಇದೆಲ್ಲ ಇದೆ. ಯುದ್ಧದ ಸುದ್ದಿ, ಅನ್ನದಾನದ ಸುದ್ದಿ, ಎರಡೂ ಒಂದೇ ತಾಮ್ರದ ಹಾಳೆಗಳ ಮೇಲೆ.

ಇದು ರಾಜನ ಯುದ್ಧ, ಧರ್ಮದ ಯುದ್ಧ ಅಲ್ಲ ಅಂತ ನೀವು ಹೇಳಬಹುದು. ಸರಿ. ಹಾಗಾದರೆ ಈ ಸೀಮೆಯ ಹಳ್ಳಿಗಳಲ್ಲಿ ಹಳೆಯ ಗುಡಿಯ ಮುಂದೆ ನಿಂತಿರುವ ವೀರಗಲ್ಲು ನೋಡಿ. ಸಾಮಾನ್ಯವಾಗಿ ಮೂರು ಅಂತಸ್ತು. ಕೆಳಗೆ ಕಾದಾಟ. ನಡುವೆ ಸತ್ತವನನ್ನ ಅಪ್ಸರೆಯರು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ ಅವನು ಶಿವಲಿಂಗದ ಮುಂದೆ, ಇಲ್ಲವೇ ತನ್ನ ದೇವರ ಮುಂದೆ, ಆರಾಮವಾಗಿ ಕೂತಿದ್ದಾನೆ. ದನ ಹೊಡೆದುಕೊಂಡು ಹೋಗುವವರನ್ನ ತಡೆದು ಸತ್ತವನಿಗೂ ಇದೇ ಕಲ್ಲು, ದಂಡಿನಲ್ಲಿ ಹೋಗಿ ಬೇರೆಯವರ ಊರು ಸುಟ್ಟು ಸತ್ತವನಿಗೂ ಇದೇ ಕಲ್ಲು. ದಣಿಗಾಗಿ ಸತ್ತರೂ ಟಿಕೆಟ್ ಮಾತ್ರ ಸ್ವರ್ಗಕ್ಕೆ. ಯುದ್ಧ ಯಾರದ್ದೇ ಇರಲಿ, ಅದಕ್ಕೆ ಪುಣ್ಯದ ಮುದ್ರೆ ಒತ್ತಿದ್ದು ಧರ್ಮ. ಆ ವೀರಗಲ್ಲಿನ ಪಕ್ಕದಲ್ಲೇ ಎಷ್ಟೋ ಊರುಗಳಲ್ಲಿ ದಾನಶಾಸನ ನಿಂತಿರುತ್ತೆ. ಎರಡಕ್ಕೂ ನೆರಳು ಒಂದೇ ಬೇವಿನ ಮರದ್ದು.

ಇಂಡಿಯಿಂದ ಬಸವನ ಬಾಗೇವಾಡಿಗೆ ಬರೋಣ. ಇದೇ ತಾಲ್ಲೂಕಿನ ಮನಗೂಳಿಯಲ್ಲಿ 1161ರ ಶಾಸನವಿದೆ, ಕಳಚುರಿ ಬಿಜ್ಜಳನ ಕಾಲದ್ದು. ಕೌಮಾರ ವ್ಯಾಕರಣ ಹೇಳಿಕೊಡುವ ಉಪಾಧ್ಯಾಯನಿಗೆ ಭೂಮಿ ಬಿಟ್ಟ ವಿಷಯ ಅದರಲ್ಲಿ ಬರುತ್ತೆ. ಸಾಲೋಟಗಿಯಿಂದ ಇನ್ನೂರು ವರ್ಷ ಆದಮೇಲೂ ಗುಡಿಯ ಆಶ್ರಯದಲ್ಲಿ ಪಾಠ ನಡೆಯುತ್ತಲೇ ಇದೆ. ಆದರೆ ಆ ಪಾಠ ಕೇಳೋಕೆ ಯಾರಿಗೆಲ್ಲ ಅವಕಾಶ ಇತ್ತು? 27 ಮನೆಗಳಲ್ಲಿ ಇದ್ದವರು ವೇದ ಓದುವ ಹುಡುಗರು. ದತ್ತಿ ಭೂಮಿ ಉತ್ತವರ ಮಕ್ಕಳಿಗೆ ಅಲ್ಲಿ ಕೋಣೆ ಇರಲಿಲ್ಲ.

ಈ ಅಸಮಾಧಾನ ಇದೇ ನೆಲದಲ್ಲಿ ದೊಡ್ಡ ದನಿಯಾಗಿ ಎದ್ದಿತು. ಬಾಗೇವಾಡಿಯ ಬಸವಣ್ಣನ ಕಥೆ ನಿಮಗೆ ನಾನು ಹೇಳಬೇಕಾಗಿಲ್ಲ. ದಯೆಯ ಬಗ್ಗೆ ಅವರಾಡಿದ ಮಾತು ನಮ್ಮ ಶಾಲೆಗಳ ಗೋಡೆಗಳ ಮೇಲಿದೆ. ಇವತ್ತಿನ ಪ್ರಶ್ನೆಗೆ ಬೇಕಾದ್ದು ಅವರು, ಅವರ ಜೊತೆಗಾರರು ಮಾಡಿದ ಒಂದೇ ಒಂದು ವ್ಯತ್ಯಾಸ. ದಾನ ಬೇರೆ, ದಾಸೋಹ ಬೇರೆ. ದಾನದಲ್ಲಿ ಕೊಡುವವನ ಕೈ ಮೇಲೆ, ತೆಗೆದುಕೊಳ್ಳುವವನ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ. ತಾನು ದುಡಿದದ್ದನ್ನ ತಾನೇ ತಲೆಬಾಗಿ ಬಡಿಸಬೇಕು. ಯುದ್ಧದಲ್ಲಿ ಗೆದ್ದ ನೆಲವನ್ನ ಬೀಡಿನಲ್ಲಿ ಕೂತು ಹಂಚುವ ದಾನಕ್ಕೂ, ಕಾಯಕ ಮಾಡಿ ಬಡಿಸುವ ದಾಸೋಹಕ್ಕೂ ಇರುವ ದೂರ ಇದು. ಸೌಟು ಒಂದೇ ತರ ಕಾಣುತ್ತೆ, ಹಿಟ್ಟು ಬಂದ ಮನೆ ಬೇರೆ.

ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಸಿಂದಗಿಯ ಕಡೆ ಹೊರಳಿ. ಹಿಂದೆ ಸಿಂದಗಿ ತಾಲ್ಲೂಕಿನಲ್ಲಿದ್ದು ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ದೇವರ ಹಿಪ್ಪರಗಿ ಮಡಿವಾಳ ಮಾಚಯ್ಯನ ಊರು. ಶರಣರ ಬಟ್ಟೆ ಒಗೆಯೋದು ಅವನ ಕಾಯಕ. ಕಲ್ಯಾಣದಲ್ಲಿ ಗಲಭೆಯಾಗಿ, ಬಿಜ್ಜಳನ ಕೊಲೆಯಾಗಿ, ಶರಣರು ದಿಕ್ಕಾಪಾಲಾದಾಗ ಇದೇ ಮಾಚಯ್ಯ ಕತ್ತಿ ಹಿಡಿದು ಬೆನ್ನಟ್ಟಿ ಬಂದ ದಂಡನ್ನ ತಡೆದ, ವಚನಗಳ ಕಟ್ಟನ್ನ ಉಳಿಸಿದ ಅಂತ ಜನ ನಂಬಿಕೊಂಡು ಬಂದಿದ್ದಾರೆ. ಪುರಾಣಗಳಲ್ಲಂತೂ ಅವನು ವೀರಭದ್ರನ ಅವತಾರ. ಒಗೆಯುವ ಕಲ್ಲಿನ ಹತ್ತಿರ ನಿಂತಿದ್ದ ಒಬ್ಬ ಕಾಯಕಜೀವಿಗೆ ನಂತರದವರು ಖಡ್ಗ ಕೊಟ್ಟು ಪೂಜೆ ಮಾಡಿದರು. ಈ ಅಂಶ ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬೇಕಾಗುತ್ತೆ.

ಈಗ ಕೆಲ ನಿಮಿಷಕ್ಕೆ ವಿಜಯಪುರದಿಂದ ಹೊರಗೆ, ಬಿಜ್ಜಳನ ಹಿಂದೆಯೇ ಬನವಾಸಿ ನಾಡಿಗೆ ಹೋಗೋಣ. ಏಕೆಂದರೆ ನಮ್ಮ ತಕ್ಕಡಿಯ ಎರಡೂ ತಟ್ಟೆಗಳು ಒಟ್ಟಿಗೆ ಸಿಗೋದು ಅಲ್ಲಿ.

ಒಂದನೇ ತಟ್ಟೆ ಬಳ್ಳಿಗಾವಿ, ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕು. ಅಲ್ಲಿ ಕಾಳಾಮುಖ ಶೈವರ ಕೋಡಿಯ ಮಠ, ಕೇದಾರೇಶ್ವರ ಗುಡಿಯದ್ದು. 1162ರಲ್ಲಿ ಬಿಜ್ಜಳ ದಕ್ಷಿಣದ ದಂಡಯಾತ್ರೆಗೆ ಬಂದು ಬಳ್ಳಿಗಾವಿಯಲ್ಲಿ ಬೀಡು ಬಿಟ್ಟಿದ್ದಾಗ ಈ ಮಠಕ್ಕೆ ದತ್ತಿ ಕೊಟ್ಟ. ನೋಡಿ, ಮತ್ತೆ ದಂಡಿನ ಬೀಡು, ಮತ್ತೆ ದಾನ. ಆ ಶಾಸನ ಮಠದಲ್ಲಿ ಏನೇನು ನಡೆಯುತ್ತಿತ್ತು ಅಂತ ಒಂದು ಪಟ್ಟಿ ಕೊಡುತ್ತೆ. ವೇದ, ವ್ಯಾಕರಣ, ದರ್ಶನ, ಪುರಾಣ, ಕಾವ್ಯ, ನಾಟಕ ಎಲ್ಲದರ ಪಾಠ. ಬಡವರಿಗೆ, ದಿಕ್ಕಿಲ್ಲದವರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಊಟ. ಹಾಡುವವರಿಗೆ, ಕುಣಿಯುವವರಿಗೆ, ಬಾರಿಸುವವರಿಗೆ ಊಟ. ನಾನಾ ಪಂಥದ ಸನ್ಯಾಸಿಗಳಿಗೆ ಊಟ. ಅವರಲ್ಲಿ ಕ್ಷಪಣಕರು, ಅಂದರೆ ಜೈನ ಮುನಿಗಳೂ ಇದ್ದಾರೆ. ರೋಗಿಗಳಿಗೆ ಔಷಧಿ. ಪಟ್ಟಿಯಲ್ಲಿ ಇನ್ನೂ ಒಂದು ಮಾತಿದೆ: ಇದು ಸಕಲ ಜೀವಿಗಳಿಗೂ ಅಭಯ ಕೊಡುವ ಸ್ಥಾನ.

ಎರಡನೇ ತಟ್ಟೆ ಅಬ್ಬಲೂರು, ಹಾವೇರಿ ಜಿಲ್ಲೆ. ಅಲ್ಲಿನ ಸೋಮೇಶ್ವರ ಗುಡಿಯಲ್ಲಿ ಸುಮಾರು 1200ರ ಒಂದು ಶಾಸನವಿದೆ. ಅದರ ನಾಯಕ ಏಕಾಂತದ ರಾಮಯ್ಯ, ಆಳಂದದ ಕಡೆಯ ಶಿವಭಕ್ತ. ಶಾಸನದ ಪ್ರಕಾರ ಅಬ್ಬಲೂರಿನ ಜೈನರ ಜೊತೆ ಅವನಿಗೆ ವಾದ ಬೆಳೆಯಿತು. ನನ್ನ ತಲೆ ಕತ್ತರಿಸಿಕೊಳ್ಳುತ್ತೇನೆ, ಶಿವ ಮತ್ತೆ ಕೂಡಿಸಿದರೆ ನೀವು ಜಿನನನ್ನ ತೆಗೆದು ಶಿವನನ್ನ ಇಡಬೇಕು ಅಂತ ಪಂಥ. ಓಲೆಯ ಮೇಲೆ ಕರಾರು ಕೂಡ ಆಯಿತು. ತಲೆ ಹೋಯಿತು, ತಲೆ ಬಂತು ಅನ್ನುತ್ತೆ ಶಾಸನ. ಜೈನರು ಒಪ್ಪಲಿಲ್ಲ. ರಾಮಯ್ಯ ಕಾವಲಿದ್ದವರನ್ನ ಚದುರಿಸಿ ಜಿನಬಿಂಬ ಒಡೆದ. ಜೈನರು ದೂರು ತೆಗೆದುಕೊಂಡು ಹೋದದ್ದು ಯಾರ ಹತ್ತಿರ? ಅದೇ ಬಿಜ್ಜಳನ ಹತ್ತಿರ. ಬಿಜ್ಜಳ ವಿಚಾರಣೆ ಮಾಡಿ ಜಯಪತ್ರ ಕೊಟ್ಟದ್ದು ರಾಮಯ್ಯನಿಗೆ. ಗುಡಿಗೆ ದತ್ತಿಯನ್ನೂ ಕೊಟ್ಟ. ಈ ಪ್ರಸಂಗ ಅಲ್ಲಿ ಅಕ್ಷರದಲ್ಲೂ ಇದೆ, ಹೆಸರು ಬರೆದ ಶಿಲ್ಪದಲ್ಲೂ ಇದೆ.

ಕೋಡಿಯ ಮಠ ಬೇರೆ, ರಾಮಯ್ಯ ಬೇರೆ. ಅದನ್ನ ಕಲಸಬಾರದು. ಆದರೆ ಇಬ್ಬರ ಶಿವ ಒಬ್ಬನೇ, ರಾಜನೂ ಒಬ್ಬನೇ, ನಾಡೂ ಒಂದೇ. ಒಂದು ಕಡೆ ಶಿವನ ಹೆಸರಲ್ಲಿ ಜೈನ ಮುನಿಗೆ ಊಟ, ಇನ್ನೊಂದು ಕಡೆ ಶಿವನ ಹೆಸರಲ್ಲಿ ಜೈನ ಬಸದಿ ಪುಡಿ. ಈಗ ಹೇಳಿ, ತಕ್ಕಡಿ ಯಾವ ಕಡೆ?

ಉತ್ತರ ಹೇಳುವ ಮೊದಲು ಮುದ್ದೇಬಿಹಾಳಕ್ಕೂ ಹೋಗಿ ಬರಬೇಕು. ಇಲ್ಲದಿದ್ದರೆ ನಾನು ಒಂದೇ ಧರ್ಮದ ಖಾತೆ ತೆಗೆದೆ ಅಂತ ನಾಳೆ ಬೆಳಗ್ಗೆಯೇ ಫೋನ್ ಬರುತ್ತೆ.

ಕೃಷ್ಣಾ ನದಿಯ ದಂಡೆಯಲ್ಲಿ ರಕ್ಕಸಗಿ, ತಂಗಡಗಿ ಅಂತ ಎರಡು ಊರು. 1565ರ ಜನವರಿ 23. ನಾವು ಶಾಲೆಯಲ್ಲಿ ತಾಳಿಕೋಟೆ ಯುದ್ಧ ಅಂತ ಓದಿದ್ದು ಇದನ್ನೇ. ತಾಳಿಕೋಟೆಯಲ್ಲಿ ಸುಲ್ತಾನರ ದಂಡು ಬೀಡು ಬಿಟ್ಟಿತ್ತು. ವಿಜಾಪುರ, ಅಹಮದ್‌ನಗರ, ಗೋಲ್ಕೊಂಡ, ಬೀದರ್ ಸೇರಿ ವಿಜಯನಗರದ ವೃದ್ಧ ರಾಮರಾಯನನ್ನ ಸೋಲಿಸಿದರು. ರಾಮರಾಯನ ತಲೆ ಹೋಯಿತು, ಹಂಪಿ ಹಾಳಾಯಿತು. ಆಸ್ಥಾನದ ಪಾರಸಿ ಬರಹಗಾರರು ಇದನ್ನ ಜಿಹಾದ್ ಅಂತ ಬಣ್ಣಿಸಿದರು. ಈ ಕಡೆಯವರೂ ಮುಂದೆ ಇದನ್ನ ಧರ್ಮಕ್ಕೆ ಧರ್ಮವೇ ಎದುರು ನಿಂತ ಯುದ್ಧ ಅಂತಲೇ ಓದಿದರು.

ಹಿಂದಿನ ಪುಟ ತಿರುಗಿಸಿ. ಕೆಲವೇ ವರ್ಷದ ಹಿಂದೆ ವಿಜಾಪುರದ ಒಂದನೇ ಅಲಿ ಆದಿಲ್‌ಷಾ ಖುದ್ದು ವಿಜಯನಗರಕ್ಕೆ ಹೋಗಿದ್ದ. ರಾಮರಾಯನ ಮಗ ತೀರಿಕೊಂಡಾಗ ಸಂತಾಪ ಹೇಳೋಕೆ. ರಾಮರಾಯನ ಹೆಂಡತಿ ಅವನನ್ನ ಮಗ ಅಂತ ಕರೆದಳು ಎಂದು ವಿಜಾಪುರದಲ್ಲೇ ಕೂತು ಇತಿಹಾಸ ಬರೆದ ಫೆರಿಷ್ತಾ ಹೇಳುತ್ತಾನೆ. ಆಮೇಲೆ ಇಬ್ಬರೂ ಸೇರಿಯೇ ಅಹಮದ್‌ನಗರದ ಮೇಲೆ ದಂಡೆತ್ತಿ ಹೋದರು. ಮುಂದೆ ರಾಯಚೂರು, ಮುದಗಲ್ಲು ಕೋಟೆಗಳ ತಕರಾರು ಬಂತು, ಕೃಷ್ಣೆ ತುಂಗಭದ್ರೆಯ ನಡುವಿನ ನೆಲದ ಆಸೆ ಬಂತು. ನಿನ್ನೆ ತನಕ ಶತ್ರುವಾಗಿದ್ದ ಅಹಮದ್‌ನಗರದ ಜೊತೆ ಬೀಗತನ ಬೆಳೆಯಿತು. ಅಲ್ಲಿನ ಚಾಂದಬೀಬಿಯನ್ನ ಅಲಿ ಮದುವೆಯಾದ, ವರದಕ್ಷಿಣೆಯಾಗಿ ಸೊಲ್ಲಾಪುರದ ಕೋಟೆ ಬಂತು. ಕೋಟೆ ಬಂತು, ಮದುವೆ ಆಯಿತು, ಕೊನೆಗೆ ಧರ್ಮದ ಹೆಸರು ಬಂತು. ಗೆಲುವಿನ ನಂತರದ ವರ್ಷಗಳಲ್ಲಿ ವಿಜಾಪುರದಲ್ಲಿ ದೊಡ್ಡ ಜುಮ್ಮಾ ಮಸೀದಿ ಏಳತೊಡಗಿತು. ರಾಷ್ಟ್ರಕೂಟ ಕೃಷ್ಣ ಮೇಲ್ಪಾಡಿಯಲ್ಲಿ ಮಾಡಿದ್ದೂ ಇದೇ ಅಲ್ವಾ? ಗೆದ್ದ ನೆಲ, ಅದರ ಮೇಲೆ ದೇವರ ಮನೆ.

ಆದರೆ ಅದೇ ವಿಜಾಪುರದಲ್ಲಿ ಸೂಫಿಗಳೂ ಇದ್ದರು. ಹೆಣ್ಣುಮಕ್ಕಳು ಬೀಸುವ ಕಲ್ಲಿನ ಮುಂದೆ ಕೂತು ಹಾಡಲಿ ಅಂತ ದಖನಿ ಮಾತಿನಲ್ಲಿ ಚಕ್ಕಿನಾಮಾ ಕಟ್ಟಿದ್ದು ಅವರ ಪರಂಪರೆ. ನಮ್ಮ ಬೀಸುವ ಪದಗಳ ಅಕ್ಕತಂಗಿಯರು ಆ ಹಾಡುಗಳು. ದರ್ಗಾದ ಮುಂದೆ ಹಸಿದು ಬಂದವನಿಗೆ ಜಾತಿ ಕೇಳದೆ ಅನ್ನ ಸಿಗುತ್ತಿತ್ತು. ಇದೂ ನಿಜ. ಆ ಅನ್ನದ ಮೂಲಕ್ಕೆ ಹೋದರೆ, ಹದಿನೇಳನೇ ಶತಮಾನದ ಹೊತ್ತಿಗೆ ಎಷ್ಟೋ ಸೂಫಿ ಮನೆತನಗಳು ದರಬಾರಿನ ಇನಾಮು ಜಮೀನು ಪಡೆದು ಜಮೀನುದಾರರಾಗಿದ್ದವು. ಅಗ್ರಹಾರದ ಕಥೆ, ಮಠದ ಕಥೆ, ದರ್ಗಾದ ಕಥೆ ಇಲ್ಲಿ ಒಂದೇ ಸಾಲಿಗೆ ಬರುತ್ತವೆ. ದಾನಿಯ ಹೆಸರು ಶಾಸನದಲ್ಲಿ, ಸನದಿನಲ್ಲಿ. ಜೋಳ ಬೆಳೆದವನ ಹೆಸರು ಎಲ್ಲೂ ಇಲ್ಲ.

ಮಾಚಯ್ಯನ ಖಡ್ಗ ನೆನಪಿದೆಯಾ? ಸೂಫಿಗಳಿಗೂ ಅಂಥ ಖಡ್ಗ ಸಿಕ್ಕಿದೆ. ಯಾದಗಿರಿ ಜಿಲ್ಲೆಯ ಸಗರದ ಸೂಫಿ ಸರ್ಮಸ್ತರಂಥವರನ್ನ ಕತ್ತಿ ಹಿಡಿದು ಬಂದ ಯೋಧ ಸಂತರು ಅಂತ ಕಥೆಗಳು ಹೇಳುತ್ತವೆ. 1978ರಲ್ಲಿ ವಿಜಾಪುರದ ಸೂಫಿಗಳ ಮೇಲೆ ದೊಡ್ಡ ಪುಸ್ತಕ ಬರೆದ ಅಮೆರಿಕದ ಇತಿಹಾಸಕಾರ ರಿಚರ್ಡ್ ಈಟನ್ ಈ ಯೋಧ ಸೂಫಿಗಳನ್ನ ಗಂಭೀರವಾಗಿ ತೆಗೆದುಕೊಂಡರು. ಕಾರ್ಲ್ ಅರ್ನ್ಸ್ಟ್‌ರಂಥ ವಿದ್ವಾಂಸರು ತಕರಾರು ತೆಗೆದರು. ಆ ಕಥೆಗಳು ಸಂತರು ಸತ್ತು ಶತಮಾನಗಳಾದ ಮೇಲೆ ಬರೆದವು, ಅವುಗಳ ಮೇಲೆ ಅಷ್ಟು ಭಾರ ಹಾಕಬಾರದು ಅಂತ. ಆ ವಾದ ವಿದ್ವಾಂಸರು ಮುಗಿಸಿಕೊಳ್ಳಲಿ. ನನಗೆ ಮುಖ್ಯ ಅನಿಸೋದು, ಒಗೆಯುವವನಿಗೂ ಫಕೀರನಿಗೂ ಮೊಮ್ಮಕ್ಕಳ ಮೊಮ್ಮಕ್ಕಳು ಕತ್ತಿ ಕೊಟ್ಟೇ ಗೌರವಿಸಿದರು ಅನ್ನೋದು. ಅನ್ನ ಹಾಕಿದವನು ಅಂತ ಹೇಳಿದರೆ ಸಾಲಲಿಲ್ಲ, ಹೊಡೆದವನು ಅಂತಲೂ ಹೇಳಬೇಕಾಯಿತು.

ಇದು ನಮ್ಮ ರೋಗ ಮಾತ್ರ ಅಂದುಕೊಳ್ಳಬೇಡಿ. ಪ್ರಥಮ ಚಿಕಿತ್ಸೆ ಕಲಿಸುವ ಸೇಂಟ್ ಜಾನ್ ಆಂಬುಲೆನ್ಸ್ ಹೆಸರು ನಮ್ಮ ಶಾಲೆ ಕಾಲೇಜುಗಳಲ್ಲೂ ಪರಿಚಿತ. ಆ ಹೆಸರಿನ ಬೇರು ಜೆರುಸಲೇಮಿಗೆ ಹೋಗುತ್ತೆ. ಯಾತ್ರಿಕರಿಗಾಗಿ ಅಲ್ಲಿ ಸೇಂಟ್ ಜಾನ್ ಹೆಸರಿನ ಆಸ್ಪತ್ರೆ ಇತ್ತು. 1099ರಲ್ಲಿ ಕ್ರೈಸ್ತ ಧರ್ಮಯೋಧರು ಊರು ಗೆದ್ದು ಅಲ್ಲಿನ ಮುಸ್ಲಿಮರನ್ನ, ಯಹೂದಿಗಳನ್ನ ಕಡಿದು ಹಾಕಿದರು. ಮುಂದಿನ ಶತಮಾನದಲ್ಲಿ ಅದೇ ಆಸ್ಪತ್ರೆಯ ಪಂಗಡ ದೊಡ್ಡದಾಗಿ ಬೆಳೆಯಿತು, ಅನ್ಯಧರ್ಮದ ರೋಗಿಗಳನ್ನೂ ಸೇರಿಸಿಕೊಂಡು ಚಿಕಿತ್ಸೆ ಕೊಟ್ಟಿತು, ಹಾಗೇ ಕೋಟೆ ಕಟ್ಟಿ ಕತ್ತಿಯನ್ನೂ ಹಿಡಿಯಿತು. ಹಗಲು ವಾರ್ಡು, ಗಡಿಯಲ್ಲಿ ದಂಡು. ಎರಡಕ್ಕೂ ಒಂದೇ ಶಿಲುಬೆ.

ಹಾಗಾದರೆ ತೂಕ? ಇಂಜಿನಿಯರಿಂಗ್ ಮೊದಲನೇ ಸೆಮಿಸ್ಟರ್‌ನಲ್ಲೇ ನಮಗೆ ಹೊಡೆದು ಹೇಳಿಕೊಟ್ಟ ಒಂದು ನಿಯಮ ಇದೆ. ಮೀಟರಿಗೆ ಕಿಲೋಗ್ರಾಂ ಕೂಡಿಸಬೇಡ, ಕಳೆಯಲೂ ಬೇಡ. ಯೂನಿಟ್ ಬೇರೆ ಆದರೆ ಉತ್ತರ ಎಷ್ಟೇ ಚೆನ್ನಾಗಿ ಬಂದರೂ ಸೊನ್ನೆ ಅಂಕ. ಅನ್ನ ಮತ್ತು ರಕ್ತದ ಲೆಕ್ಕಕ್ಕೂ ಇದೇ ನಿಯಮ. ಬಳ್ಳಿಗಾವಿಯಲ್ಲಿ ಕುರುಡನೊಬ್ಬ ಉಂಡ ಊಟ ಅಬ್ಬಲೂರಿನ ಜೈನನಿಗೆ ಪರಿಹಾರವಾ? ಅವನ ಕೈಗೆ ರಸೀದಿ ಕೊಟ್ಟರೆ ಅವನು ಸಹಿ ಹಾಕ್ತಾನಾ? ಇಲ್ಲ. ತಿರುಗಿಸಿ ಕೇಳಿ. ಅಬ್ಬಲೂರಿನಲ್ಲಿ ಬಿಂಬ ಒಡೆದದ್ದರಿಂದ ಬಳ್ಳಿಗಾವಿಯ ಆ ಕುರುಡನ ಹೊಟ್ಟೆ ತುಂಬಿದ್ದು ಸುಳ್ಳಾಗುತ್ತಾ? ಅದೂ ಇಲ್ಲ. ಉಂಡವನು ಬೇರೆ, ನೊಂದವನು ಬೇರೆ. ಒಬ್ಬನಿಗೆ ಮಾಡಿದ ಉಪಕಾರವನ್ನ ಇನ್ನೊಬ್ಬನಿಗೆ ಮಾಡಿದ ಅಪಕಾರದಲ್ಲಿ ಕಳೆಯೋಕೆ ನಾವ್ಯಾರು? ಆ ಸಾಲ ಮನ್ನಾ ಮಾಡೋ ಅಧಿಕಾರ ನೊಂದವನಿಗೆ ಮಾತ್ರ ಇದೆ.

ಹಾಗಂತ ಅಳತೆಯೇ ಬೇಡ ಅಂತ ನಾನು ಹೇಳ್ತಿಲ್ಲ. ಎರಡು ಖಾತೆ ಬೇರೆ ಬೇರೆ ಬರೆದು, ಯಾವುದೇ ಸಂಸ್ಥೆಗೆ ಮೂರು ಪ್ರಶ್ನೆ ಕೇಳಬಹುದು. ಒಂದು, ನಿಮ್ಮ ಸೌಟು ಯಾರ ಎಲೆಯ ಮುಂದೆ ನಿಂತುಹೋಗುತ್ತೆ? ಸಾಲೋಟಗಿಯ ಸೌಟು ವೇದ ಓದುವವನ ಎಲೆಯ ಹತ್ತಿರ ನಿಂತಿತು, ಕೋಡಿಯ ಮಠದ ಸೌಟು ಎದುರು ಪಂಥದ ಮುನಿಯ ತನಕ ಹೋಯಿತು. ಅದು ದೊಡ್ಡ ವ್ಯತ್ಯಾಸ. ಎರಡು, ಹಿಟ್ಟು ಯಾರ ಮನೆಯದ್ದು? ದುಡಿದು ತಂದದ್ದಾ, ಗೆದ್ದು ತಂದದ್ದಾ, ರೈತನ ಮೇಲೆ ಹೊರಿಸಿ ತಂದದ್ದಾ? ಮೂರು, ನೀವು ಕಲ್ಲಿನ ಮೇಲೆ ಏನು ಕೆತ್ತಿಸುತ್ತೀರಿ? ಬಳ್ಳಿಗಾವಿಯವರು ಉಣಿಸಿದ್ದನ್ನ ಹೆಮ್ಮೆಯಿಂದ ಕೆತ್ತಿಸಿದರು. ಅಬ್ಬಲೂರಿನವರು ಒಡೆದದ್ದನ್ನ ಅಷ್ಟೇ ಹೆಮ್ಮೆಯಿಂದ ಕೆತ್ತಿಸಿದರು. ಒಂದು ಸಂಸ್ಥೆ ತಪ್ಪು ಮಾಡೋದು ಬೇರೆ, ಆ ತಪ್ಪನ್ನೇ ಜಯಪತ್ರ ಅಂತ ಮಕ್ಕಳಿಗೆ ತೋರಿಸೋದು ಬೇರೆ. ಎರಡನೆಯದ್ದು ಮುಂದಿನ ಯುದ್ಧದ ಬೀಜ.

ಇದ್ಯಾಕೆ ಇವತ್ತಿಗೆ ಬೇಕು ಅಂತೀರಾ? ಉತ್ತರ ಕರ್ನಾಟಕದಲ್ಲಿ ಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿ ಮೇಲೆ ಬಂದವರು ಲಕ್ಷಾಂತರ ಜನ. ಮಿಷನ್ ಶಾಲೆಯಲ್ಲಿ ಅಕ್ಷರ ಕಲಿತವರು, ದರ್ಗಾದ ಉರುಸಿನಲ್ಲಿ ಹೊಟ್ಟೆ ತುಂಬಿಸಿಕೊಂಡವರು ಎಷ್ಟೋ ಜನ. ಸರ್ಕಾರ ಬಾರದ ಊರಿಗೆ ಇವರು ಬಂದಿದ್ದಾರೆ. ಆ ಋಣ ದೊಡ್ಡದು, ಅದನ್ನ ಅಲ್ಲಗಳೆಯುವವನು ಹಸಿವು ನೋಡಿಲ್ಲ. ಆದರೆ ಯಾವುದಾದರೂ ಧಾರ್ಮಿಕ ಸಂಸ್ಥೆಯಲ್ಲಿ ಅನ್ಯಾಯವಾಯಿತು ಅಂತ ಯಾರಾದರೂ ಬಾಯಿ ಬಿಟ್ಟ ದಿನ ಮೊದಲು ಏಳೋ ಮಾತು ಯಾವುದು ಗೊತ್ತಲ್ವಾ? ‘ಉಂಡ ಮನೆಗೆ ಎರಡು ಬಗೆಯಬೇಡ.’ ಅಲ್ಲಿ ಅನ್ನ ಬಾಯಿ ಮುಚ್ಚಿಸುವ ಬಟ್ಟೆಯಾಗುತ್ತೆ. ಇನ್ನೊಂದು ಕಡೆ, ಇವತ್ತು ಬೆಳಗ್ಗೆ ಎದ್ದು ನೂರು ಮಕ್ಕಳಿಗೆ ಉಪ್ಪಿಟ್ಟು ಮಾಡುವ ಬಾಣಸಿಗನನ್ನ ಹಿಡಿದು, 1565ಕ್ಕೆ ಉತ್ತರ ಕೊಡು ಅಂತ ಕೇಳುವವರೂ ಇದ್ದಾರೆ. ಅದೂ ಅಷ್ಟೇ ಅನ್ಯಾಯ. ತಕ್ಕಡಿ ಹಿಡಿದವರು ಎರಡೂ ಕಡೆ ಮಾಡೋದು ಇಷ್ಟೇ. ಒಬ್ಬರು ಊಟ ತೋರಿಸಿ ನೊಂದವನನ್ನ ಮರೆಸ್ತಾರೆ, ಇನ್ನೊಬ್ಬರು ಯುದ್ಧ ತೋರಿಸಿ ಉಂಡವನನ್ನ ಮರೆಸ್ತಾರೆ.

ಉಪ್ಪಿನ ಋಣ ಇರೋದು ಬಡಿಸಿದ ಕೈಗೆ. ಅದನ್ನ ತೀರಿಸುವ ದಾರಿ ಆ ಮನೆ ತಪ್ಪಿದಾಗ ತಪ್ಪು ಅಂತ ಹೇಳೋದು. ಬಸವಣ್ಣ ದಾನದ ಲೋಕದ ಒಳಗೇ ನಿಂತು ದಾಸೋಹ ಅಂದರಲ್ಲ, ಅದಕ್ಕಿಂತ ದೊಡ್ಡ ಉದಾಹರಣೆ ಬೇಕಾ? ಅವರು ತಮ್ಮ ಕಾಲದ ಗುಡಿ ಎಷ್ಟು ಜನರಿಗೆ ಊಟ ಹಾಕಿತು ಅಂತ ಎಣಿಸಿ ಸುಮ್ಮನಾಗಲಿಲ್ಲ. ಬಾಗಿಲ ಹೊರಗೆ ಯಾರು ನಿಂತಿದ್ದಾರೆ ಅಂತ ನೋಡಿದರು.

ಆದ್ದರಿಂದ ವೀಕ್ಷಕರೇ, ಮುಂದಿನ ಸಲ ಯಾರಾದರೂ ಟಿವಿಯಲ್ಲಾಗಲಿ, ಚಹಾದ ಅಂಗಡಿಯಲ್ಲಾಗಲಿ, ತಮ್ಮ ಧರ್ಮದ ದಾಸೋಹದ ಅಂಕಿ ಅಂಶ ತೆಗೆದರೆ ಕೈ ಮುಗಿದು ಕೇಳಿಸಿಕೊಳ್ಳಿ, ಅದು ನಿಜವಿದ್ದರೆ ಒಪ್ಪಿಕೊಳ್ಳಿ. ಆಮೇಲೆ ಕೋಡಿಯ ಮಠದ ಪಟ್ಟಿಯನ್ನ ಅವರ ಮುಂದೆ ಇಡಿ. ಅದರಲ್ಲಿ ಅನ್ನ ಇತ್ತು, ಔಷಧಿ ಇತ್ತು, ಪಾಠ ಇತ್ತು, ಅಭಯವೂ ಇತ್ತು. ಅನ್ನ ಕೊಟ್ಟಿರಾ ಅನ್ನೋದು ಅರ್ಧ ಪ್ರಶ್ನೆ. ನಿಮ್ಮ ದೇವರನ್ನ ಒಪ್ಪದವನು ನಿಮ್ಮ ಊರಲ್ಲಿ ಹೆದರದೆ ಮಲಗಬಹುದಾ ಅನ್ನೋದು ಉಳಿದರ್ಧ.